ಸೋರಿದ ನೀರಿಗೆ ಒಂದು ತಾರೀಕು

ನಮಸ್ಕಾರ. ಬಲಗಡೆ ಬಾಡಿಗೆದಾರರು, ಎಡಗಡೆ ಮನೆ ಮಾಲೀಕರು ಕೂತಿದ್ದೀರಿ ಅಂತ ಸಂಘಟಕರು ಹೇಳಿದರು. ಯಾರೂ ಹಾಗೆ ಕೂರಿಸಿದ್ದಲ್ಲವಂತೆ, ನೀವಾಗಿಯೇ ಕೂತದ್ದು. ಒಳ್ಳೆಯದು, ಕೈ ತೋರಿಸಿ ಮಾತಾಡಲು ಅನುಕೂಲ.

ಬಾಡಿಗೆ ಮನೆಯಲ್ಲಿ ನೀರು ಸೋರಿ ಹಾನಿಯಾದರೆ ಖರ್ಚು ಯಾರದು? ಇದಕ್ಕೆ ಎರಡೂ ಕಡೆ ಒಂದೊಂದು ಸಿದ್ಧ ಉತ್ತರ ಇದೆ. ‘ಮನೆ ನಿಮ್ಮದು, ಪೈಪು ನಿಮ್ಮದು, ಖರ್ಚೂ ನಿಮ್ಮದು’ ಅನ್ನುವುದು ಬಲಗಡೆಯದು. ‘ಒಳಗೆ ಇರುವವರು ನೀವು, ನೋಡಿಕೊಳ್ಳಬೇಕಾದವರೂ ನೀವು’ ಅನ್ನುವುದು ಎಡಗಡೆಯದು. ನನ್ನ ವಾದ ಬೇರೆ. ಇದು ಒಂದೇ ಹಾನಿ ಅಂದುಕೊಂಡು ಜಗಳ ಆಡುತ್ತೀರಿ, ಇರುವುದು ಎರಡು. ಗೊತ್ತಾಗುವ ಮುಂಚೆ ಆದದ್ದು ಒಂದು, ಗೊತ್ತಾದ ಮೇಲೂ ಬಿಟ್ಟದ್ದರಿಂದ ಆದದ್ದು ಇನ್ನೊಂದು. ಮೊದಲನೆಯದಕ್ಕೆ ಕಾರಣ ಕೇಳಬೇಕು. ಎರಡನೆಯದಕ್ಕೆ ತಾರೀಕು ಕೇಳಬೇಕು. ಈ ಮಾತನ್ನು ಇವತ್ತು ಮೂರು ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಊರಿಂದ ಊರಿಗೆ ಕಾನೂನು ಬೇರೆ, ಮನೆಯಿಂದ ಮನೆಗೆ ಅಗ್ರಿಮೆಂಟ್ ಬೇರೆ. ಅವನ್ನು ನೀವೇ ಓದಿಕೊಳ್ಳಬೇಕು. ಸಾಮಾನ್ಯವಾಗಿ ಕಾರಣದ ಲೆಕ್ಕ ಹೀಗೆ: ಮಾಳಿಗೆ, ಗೋಡೆಯೊಳಗಿನ ಪೈಪು, ಬಾತ್‌ರೂಮ್ ನೆಲದಡಿಯ ವಾಟರ್‌ಪ್ರೂಫಿಂಗ್, ವಯಸ್ಸಾಗಿ ಸವೆದ ವಾಲ್ವ್ ಇವೆಲ್ಲ ಮಾಲೀಕರ ಪಾಲು. ತೆರೆದಿಟ್ಟ ನಲ್ಲಿ, ಜಿಡ್ಡು ಸುರಿದು ಕಟ್ಟಿಕೊಂಡ ಸಿಂಕು, ಮೊಳೆ ಹೊಡೆಯುವಾಗ ತೂತಾದ ಪೈಪು, ತಾವೇ ತಂದ ವಾಷಿಂಗ್ ಮೆಷಿನ್ನಿನ ಹೋಸ್ ಇವು ಬಾಡಿಗೆದಾರರ ಪಾಲು. ಮೇಲಿನ ಮನೆಯಿಂದ ಇಳಿದರೆ ಅಲ್ಲಿಯೂ ಇದೇ ಪ್ರಶ್ನೆ: ಇಡೀ ಕಟ್ಟಡಕ್ಕೆ ಸೇರಿದ ಪೈಪೋ, ಆ ಮನೆಗೆ ಮಾತ್ರ ಸೇರಿದ್ದೋ, ಅಥವಾ ಅಲ್ಲಿದ್ದವರ ಅಜಾಗರೂಕತೆಯೋ.

ಮೂರನೆಯ ಉತ್ತರವೂ ಒಂದಿದೆ, ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ: ತಪ್ಪು ಇಬ್ಬರದೂ ಅಲ್ಲ. ಇದಕ್ಕೆ ಒಂದು ಹಳೆಯ ಮೊಕದ್ದಮೆ ಹೇಳಬೇಕು. ಆಸ್ಟ್ರೇಲಿಯಾದಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ, ಅಂದರೆ ಆಗಿನ ಕೊನೆಯ ಮೇಲ್ಮನವಿ ಕೋರ್ಟಿನವರೆಗೆ ಹೋದದ್ದು, 1913ರಲ್ಲಿ ತೀರ್ಪಾಯಿತು, ರಿಕರ್ಡ್ಸ್ ಮತ್ತು ಲೋಥಿಯನ್ ನಡುವೆ. ಲೋಥಿಯನ್ ಒಂದು ಕಟ್ಟಡದ ಕೆಳಗಿನ ಅಂತಸ್ತಿನ ಬಾಡಿಗೆದಾರ. ಒಂದು ಬೆಳಗ್ಗೆ ನೋಡಿದರೆ ಅವನ ಸರಕೆಲ್ಲ ಒದ್ದೆ. ಮೇಲಿನ ಅಂತಸ್ತಿನ ಶೌಚಾಲಯದಲ್ಲಿ ಕೈತೊಳೆಯುವ ಬೇಸಿನ್ನಿನ ನಲ್ಲಿ ಪೂರ್ತಿ ತೆರೆದಿತ್ತು. ನೀರು ಹೋಗುವ ತೂತಿನಲ್ಲಿ ಏನೇನಿತ್ತು ಗೊತ್ತಾ? ಮೊಳೆ, ಪೆನ್ ಹೋಲ್ಡರ್, ದಾರ, ಸೋಪು. (ನಗಬೇಡಿ, ನಿಮ್ಮ ಸಿಂಕ್ ಬಿಚ್ಚಿದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ.) ಇಷ್ಟು ಸಾಮಾನು ತಾನಾಗಿ ಒಂದು ತೂತಿಗೆ ನಡೆದು ಹೋಗುವುದಿಲ್ಲ. ಯಾರೋ ಬೇಕೆಂದೇ ತುರುಕಿದ್ದಾರೆ ಅಂತ ಜ್ಯೂರಿ ಹೇಳಿತು. ಯಾರು ಅನ್ನುವುದು ಮಾತ್ರ ಸಿಗಲಿಲ್ಲ. ಕಟ್ಟಡ ನಡೆಸುತ್ತಿದ್ದ ರಿಕರ್ಡ್ಸ್‌ನನ್ನು ಲೋಥಿಯನ್ ಹಿಡಿದುಕೊಂಡ: ನೀರು ನಿನ್ನದು, ನಷ್ಟ ತುಂಬು. ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಮನೆಬಳಕೆಗೆ ನಲ್ಲಿ ಇಡುವುದು ಸಾಮಾನ್ಯ ಬಳಕೆ. ಅಪರಿಚಿತನೊಬ್ಬ ದ್ವೇಷದಿಂದ ಮಾಡಿದ್ದಕ್ಕೆ, ತನ್ನ ಕಡೆಯಿಂದ ಅಜಾಗರೂಕತೆ ಇಲ್ಲದಿರುವಾಗ, ರಿಕರ್ಡ್ಸ್ ಹೊಣೆಯಲ್ಲ. ಅಂದರೆ ಒದ್ದೆಯಾದವನೇ ನಷ್ಟ ಹೊತ್ತ.

ಬಲಗಡೆಯವರು ಇದನ್ನು ಬರೆದುಕೊಳ್ಳಿ. ತಪ್ಪಿತಸ್ಥರೇ ಇಲ್ಲದಿದ್ದರೆ ಅವರವರ ವಸ್ತು ಅವರವರ ತಲೆಗೆ: ಗೋಡೆ ಮಾಲೀಕರಿಗೆ, ಸೋಫಾ ನಿಮಗೆ. ಮಾಲೀಕರ ಕಟ್ಟಡ ವಿಮೆಯಲ್ಲಿ ನಿಮ್ಮ ಸೋಫಾ ಸಾಮಾನ್ಯವಾಗಿ ಬರುವುದಿಲ್ಲ.

ಈಗ ಕಾರಣ ಹುಡುಕುವುದು ಹೇಗೆ. ಪ್ಲಂಬರ್ ಬರುವ ಮುಂಚೆ ಸೋರುವ ಹೊತ್ತನ್ನು ಗಮನಿಸಿ. ಹಗಲು ರಾತ್ರಿ ಒಂದೇ ಸಮ ಜಿನುಗಿದರೆ ಒತ್ತಡದಲ್ಲಿರುವ ಸಪ್ಲೈ ಪೈಪಿನ ಮೇಲೆ ಅನುಮಾನ. ಸ್ನಾನವಾದ ಮೇಲೆ ಮಾತ್ರ ಆದರೆ ಕೊಳೆ ನೀರಿನ ಪೈಪು ಅಥವಾ ಬಾತ್‌ರೂಮ್ ನೆಲ. ಮಳೆ ಬಂದಾಗ ಮಾತ್ರ ಆದರೆ ಮಾಳಿಗೆ, ಹೊರಗೋಡೆ, ಕಿಟಕಿಯ ಸಂದು. ಸಪ್ಲೈ ಅನುಮಾನಕ್ಕೆ ಎಲ್ಲ ನಲ್ಲಿ ಮುಚ್ಚಿ ಮೀಟರ್ ಬರೆದುಕೊಳ್ಳಿ, ಒಂದು ಗಂಟೆ ನೀರು ಮುಟ್ಟದೆ ಮತ್ತೆ ನೋಡಿ. ಅಂಕಿ ಓಡಿದ್ದರೆ ಮೀಟರಿನಿಂದ ಈಚೆ ಎಲ್ಲೋ ಸೋರುತ್ತಿದೆ. ಅದು ಫ್ಲಷ್ ಟ್ಯಾಂಕೂ ಆಗಿರಬಹುದು: ಟ್ಯಾಂಕಿನ ನೀರಿಗೆ ಅಡುಗೆ ಬಣ್ಣದ ನಾಲ್ಕು ಹನಿ ಹಾಕಿ, ಅರ್ಧ ಗಂಟೆ ಫ್ಲಷ್ ಮಾಡಬೇಡಿ. ಬಣ್ಣ ಕೆಳಗೆ ಕಮೋಡಿಗೆ ಇಳಿದಿದ್ದರೆ ಒಳಗಿನ ವಾಷರ್ ಹೋಗಿದೆ. ಅದು ನೀರಿನ ಬಿಲ್ ಏರಿಸುತ್ತದೆ, ಗೋಡೆ ಒದ್ದೆ ಮಾಡುವುದಿಲ್ಲ. ಇಂಥದ್ದಕ್ಕೆ ಟೈಲ್ಸ್ ಒಡೆಸಿಬಿಡಬೇಡಿ.

ಬಾತ್‌ರೂಮ್ ನೆಲ ಅನುಮಾನವಾದರೆ ನೀರು ಹೋಗುವ ತೂತಿಗೆ ಬಿರಡೆ ಹಾಕಿ, ಎರಡು ಮೂರು ಸೆಂಟಿಮೀಟರ್ ನೀರು ನಿಲ್ಲಿಸಿ, ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದು 24 ಗಂಟೆ ಬಿಡಿ. ನೀರು ಗೆರೆಯಿಂದ ಇಳಿದು ಕೆಳಗಿನ ಸೀಲಿಂಗ್ ಒದ್ದೆಯಾದರೆ ವಾಟರ್‌ಪ್ರೂಫಿಂಗ್ ಪದರ ಸೋತಿದೆ. ಟೈಲ್ಸ್ ಸಂದಿನ ಗ್ರೌಟ್ ನೀರು ತಡೆಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ತಡೆಯಬೇಕಾದದ್ದು ಅದರಡಿಯ ಪದರ. ಅದಕ್ಕೇ ‘ಗ್ರೌಟ್ ತಿಕ್ಕಿ ತಿಕ್ಕಿ ಹಾಳು ಮಾಡಿದ್ದೀರಿ’ ಅಂತ ಬಾಡಿಗೆದಾರರ ಅಡ್ವಾನ್ಸ್ ಮುರಿಯುವುದು ಸಾಮಾನ್ಯವಾಗಿ ನಿಲ್ಲುವ ವಾದವಲ್ಲ.

ಇನ್ನು ಗೋಡೆಯ ಕರಿ ಬೂಷ್ಟು. ಪೈಪು ಸೋರಿದ್ದೋ, ಒಳಗಿನ ಹಬೆ ತಣ್ಣನೆ ಗೋಡೆಗೆ ಕೂತಿದ್ದೋ? ಅಂಗೈ ಅಗಲದ ಅಲ್ಯುಮಿನಿಯಂ ಹಾಳೆಯನ್ನು ನಾಲ್ಕೂ ಅಂಚು ಬಿಗಿಯಾಗಿ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಡಿ. ಹನಿ ನಿಮ್ಮ ಕಡೆಯ ಮೈಮೇಲೆ ಇದ್ದರೆ ಹಬೆ. ಹಿಂದುಗಡೆ ಇದ್ದರೆ ಗೋಡೆಯೇ ಒದ್ದೆ. ಹಬೆಯಾದರೆ ಕಿಟಕಿ ತೆರೆಯಬೇಕಾದವರು ಒಳಗಿರುವವರು. ತೆರೆಯಲು ಕಿಟಕಿಯೇ ಇಲ್ಲ, ಎಕ್ಸಾಸ್ಟ್ ಫ್ಯಾನೂ ಇಲ್ಲ ಅಂದರೆ ಮಾತು ಮತ್ತೆ ಎಡಗಡೆಗೆ ಹೋಗುತ್ತದೆ.

ಈಗ ತಾರೀಕು. ಸೆಕೆಂಡಿಗೆ ಒಂದು ಹನಿ ಅಂದರೆ ದಿನಕ್ಕೆ 86,400 ಹನಿ. ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿ ಅಂತ ಹಿಡಿದರೂ ನಾಲ್ಕು ಲೀಟರಿಗೆ ಮೇಲೆ. ಅಷ್ಟೂ ನೀರು ಸಿಂಕಿನಡಿಯ ಪ್ಲೈವುಡ್ ಕುಡಿಯುತ್ತದೆ. ಒದ್ದೆಯಾದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬೂಷ್ಟು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಹಾಗಾಗಿ ಮೊದಲ ದಿನ ಒಂದು ವಾಷರಿನಲ್ಲಿ ಮುಗಿಯುತ್ತಿದ್ದದ್ದು ತಿಂಗಳ ಮೇಲೆ ಕಪಾಟು, ಪ್ಲಾಸ್ಟರು, ಬಣ್ಣ ಎಲ್ಲ ತಿನ್ನುತ್ತದೆ. ವಾಷರ್ ಹಳೆಯದಾದದ್ದು ಮಾಲೀಕರ ಪಾಲು, ನಿಜ. ಆದರೆ ತಿಂಗಳಿಡೀ ಕೆಳಗೆ ಬಕೆಟ್ ಇಟ್ಟುಕೊಂಡು ಸುಮ್ಮನಿದ್ದವರು ಕಪಾಟಿನ ಲೆಕ್ಕದಲ್ಲಿ ಪಾಲುದಾರರೇ. ಅದೇ ದಿನ ಬರೆದು ತಿಳಿಸಿದ್ದರೆ? ಆಗ ಬರೆದ ದಿನದ ನಂತರದ ಹಾನಿಯೆಲ್ಲ ಬಹುಪಾಲು ಎಡಗಡೆಗೆ. ಒಂದು ಮೆಸೇಜು, ಒಂದು ತಾರೀಕು.

‘ಫೋನಲ್ಲಿ ಹೇಳಿದ್ದೆ’ ಅಂತ ಅಲ್ಲಿ ಯಾರೋ ಅಂದರು. ಹೇಳಿದ್ದೀರಿ, ಸರಿ. ಫೋನ್ ಇಟ್ಟ ಕೂಡಲೇ ‘ಈಗ ಮಾತಾಡಿದಂತೆ, ಅಡುಗೆಮನೆ ಸಿಂಕಿನಡಿ ಇಂದು ಬೆಳಗ್ಗೆಯಿಂದ ಸೋರುತ್ತಿದೆ, ವಾಲ್ವ್ ಮುಚ್ಚಿದ್ದೇನೆ, ಫೋಟೋ ಕಳಿಸಿದ್ದೇನೆ’ ಅಂತ ಬರೆದು ಹಾಕಿ. ‘ವಾಲ್ವ್ ಮುಚ್ಚಿದ್ದೇನೆ’ ಅನ್ನುವುದನ್ನು ಬಿಡಬೇಡಿ. ಯಾರ ತಪ್ಪಾದರೂ ಹಾನಿ ಬೆಳೆಯದಂತೆ ನೋಡಿಕೊಳ್ಳುವುದು ಸ್ಥಳದಲ್ಲಿರುವವರ ಕೆಲಸ. ಎಡಗಡೆಯವರು ಮನೆ ಕೀಲಿ ಕೊಡುವ ದಿನವೇ ಮೇನ್ ವಾಲ್ವ್ ಎಲ್ಲಿದೆ ಅಂತ ತೋರಿಸಿ, ಒಮ್ಮೆ ತಿರುಗಿಸಿ ನೋಡಿ. ಎಷ್ಟೋ ವರ್ಷ ಮುಟ್ಟದ ಗೇಟ್ ವಾಲ್ವ್ ಬೇಕಾದ ದಿನವೇ ಜಾಮ್ ಆಗಿರುತ್ತದೆ. ನೀರು ಸ್ವಿಚ್‌ಬೋರ್ಡಿನ ಹತ್ತಿರ ಹರಿದಿದ್ದರೆ ಮೊದಲು ಕರೆಂಟ್ ಆಫ್ ಮಾಡಿ, ಅದೂ ನೀರಲ್ಲಿ ನಿಂತು ಅಲ್ಲ.

ಚೀಟಿ ಬಂತು, ಐದು ನಿಮಿಷವಂತೆ. ಉಳಿದದ್ದು ಓಡಿಸುತ್ತೇನೆ.

ವಿಮೆ: ಪೈಪು ಹಠಾತ್ತನೆ ಒಡೆದದ್ದಕ್ಕೆ ಕೊಡುವ ಬಹಳ ಪಾಲಿಸಿಗಳು ನಿಧಾನ ಜಿನುಗಿದ್ದಕ್ಕೆ ಕೊಡುವುದಿಲ್ಲ. ಮತ್ತೆ ತಾರೀಕು, ನೋಡಿ! ಸವಕಳಿ: ಹತ್ತು ವರ್ಷ ಬಾಳುವ ಕಾರ್ಪೆಟ್ ಏಳು ವರ್ಷ ಬಳಸಿಯಾಗಿದ್ದರೆ ಬಾಡಿಗೆದಾರರ ತಪ್ಪಿದ್ದರೂ ಕೇಳಬೇಕಾದದ್ದು ಹತ್ತರಲ್ಲಿ ಮೂರು ಪಾಲು, ಹೊಸದರ ಪೂರ್ತಿ ಬೆಲೆಯಲ್ಲ. ಬಾಡಿಗೆ ತಡೆಹಿಡಿಯುವುದು: ಕೋಪ ಅರ್ಥವಾಗುತ್ತದೆ, ನಿಮ್ಮಲ್ಲಿಯ ಕಾನೂನು ಕೇಳದೆ ಮಾಡಬೇಡಿ, ಬಾಡಿಗೆ ಬಾಕಿ ಅನ್ನುವ ಬೇರೆ ಕೇಸು ನಿಮ್ಮ ಮೇಲೇ ಬಿದ್ದೀತು. ಅಗ್ರಿಮೆಂಟಿನ ‘ಸಣ್ಣಪುಟ್ಟ ರಿಪೇರಿ’: ಯಾವ ಭಾಗ, ಎಷ್ಟು ಮೊತ್ತದವರೆಗೆ ಅಂತ ಬರೆಸಿ. ಬಣ್ಣ: ಗೋಡೆ ಒಣಗುವ ಮುಂಚೆ ಬಳಿದರೆ ಮತ್ತೆ ಏಳುತ್ತದೆ, ಆ ಎರಡನೇ ಸಲದ ಖರ್ಚು ಅವಸರ ಮಾಡಿದವರದು.

ಕೊನೆಯದು ಪ್ಲಂಬರ್ ಬಂದಾಗ. ಹಳೆಯ ಹೋಸ್, ಒಡೆದ ನಟ್, ಸವೆದ ವಾಷರ್ ಯಾವುದನ್ನೂ ಅವರ ಚೀಲಕ್ಕೆ ಹೋಗಲು ಬಿಡಬೇಡಿ. ಅತಿಯಾಗಿ ಬಿಗಿದು ಸೀಳಿದ ನಟ್ ಒಂದು ಥರ ಕಾಣುತ್ತದೆ, ಹೋಸಿನ ಮೇಲಿನ, ವಯಸ್ಸಾಗಿ ತುಕ್ಕು ತಿಂದ ತಂತಿ ಹೆಣಿಗೆ ಇನ್ನೊಂದು ಥರ. ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ತಾರೀಕು ಬರೆದು, ಲೆಕ್ಕ ಚುಕ್ತಾ ಆಗುವವರೆಗೆ ಇಟ್ಟುಕೊಳ್ಳಿ.