ಕೊಳೆ ಕೊನೆ ಇಳಿಸದೆ ಮದ್ದು ಹೊಡೆದರೆ?

ಎಲ್ಲರಿಗೂ ನಮಸ್ಕಾರ. ಮಳೆ ಹೊಳವಾದ ಹೊತ್ತು ನೋಡಿ ಶಿರಸಿಗೆ ಬಂದಿದ್ದೀರಿ. ಅಡಿಕೆಗೆ ಕೊಳೆ ರೋಗದ ಮದ್ದು ಹೊಡೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದವರೂ ಇರಬಹುದು. ನನ್ನ ಮಾತಿಗೂ ಆ ಕೆಲಸಕ್ಕೂ ನಂಟಿದೆ.

ಅಪೆಂಡಿಕ್ಸ್ ಅಂದರೆ ನಮಗೆ ಗೊತ್ತಿರುವುದು ರಾತ್ರಿ ನೋವು, ಬೆಳಗ್ಗೆ ಆಪರೇಷನ್. ಹಾಗೆ ತೆಗೆದ ನೂರರಲ್ಲಿ ಸುಮಾರು ಒಂದರಲ್ಲಿ ಗಡ್ಡೆ ಸಿಗುತ್ತದೆ. ಕೆಲವು ಗಡ್ಡೆಗಳು ಲೋಳೆಸರದಂಥ ಲೋಳೆ ಸುರಿಸುತ್ತವೆ. ಅಪೆಂಡಿಕ್ಸ್ ಒಡೆದರೆ ಆ ಲೋಳೆ, ಅದರೊಳಗಿನ ಜೀವಕೋಶಗಳ ಸಮೇತ ಹೊಟ್ಟೆಯೊಳಗೆ ಹರಡುತ್ತದೆ. ರಕ್ತದಲ್ಲಿ ದೂರ ಹೋಗುವ ಚಾಳಿ ಇದಕ್ಕೆ ಕಡಿಮೆ. ತೋಟದ ನೀರು ತಗ್ಗು ಹುಡುಕುವಂತೆ ಕಿಬ್ಬೊಟ್ಟೆಯ ತಳದಲ್ಲಿ, ದೊಡ್ಡ ಕರುಳಿನ ಪಕ್ಕದಲ್ಲಿ, ಯಕೃತ್ತಿನ ಮೇಲ್ಗಡೆ ಹೋಗಿ ಕೂರುತ್ತದೆ. ಸದಾ ಹೊರಳಾಡುವ ಸಣ್ಣ ಕರುಳಿಗೆ ಬೇಗ ಅಂಟುವುದಿಲ್ಲ. ಸೂಡೋಮಿಕ್ಸೋಮ ಪೆರಿಟೋನಿ ಎನ್ನುವುದು ಇದರ ಹೆಸರು. 1993ರಲ್ಲಿ ನಟಿ ಆಡ್ರೆ ಹೆಪ್‌ಬರ್ನ್ ತೀರಿಕೊಂಡಿದ್ದು ಇದರಿಂದಲೇ. ಹೆಂಗಸರಲ್ಲಿ ಅಂಡಾಶಯದ ಗಡ್ಡೆಯಂತೆ, ಗಂಡಸರಲ್ಲಿ ಹರ್ನಿಯಾದಂತೆ ಮೊದಲು ಕಾಣಿಸಿಕೊಳ್ಳುವುದುಂಟು. ಹೊಟ್ಟೆ ಉಬ್ಬಿದ್ದನ್ನು ವಾಯು ಅಂದುಕೊಂಡು ಜೀರಿಗೆ ಕಷಾಯದಲ್ಲೇ ತಿಂಗಳು ಕಳೆಯುವವರೂ ಇದ್ದಾರೆ.

ಈಗ ಕೊಳೆಗೆ ಬನ್ನಿ. ಕೊಳೆತ ಕೊನೆ, ಅಂದರೆ ಅಡಿಕೆ ಗೊನೆ, ಮರದಲ್ಲೇ ಇಟ್ಟು ಬೋರ್ಡೋ ಮದ್ದು ಹೊಡೆದು ಫಲವೇನು? ಇಲ್ಲೂ ಹಾಗೇ. ಹೊಟ್ಟೆಯೊಳಕ್ಕೆ ನೇರವಾಗಿ ಸುರಿಯುವ ಕ್ಯಾನ್ಸರ್ ಔಷಧ ಗಡ್ಡೆಯೊಳಗೆ ಎರಡು ಮೂರು ಮಿಲಿಮೀಟರ್ ಇಳಿದರೆ ಹೆಚ್ಚು. ಅದಕ್ಕೇ ಮೊದಲು ಕಾಣುವುದನ್ನೆಲ್ಲ ತೆಗೆಯಬೇಕು. ಗಡ್ಡೆ ಹಿಡಿದ ಕಡೆ ಹೊಟ್ಟೆಯ ಒಳಪೊರೆ ಸುಲಿಯುತ್ತಾರೆ, ಕರುಳಿನ ಮೇಲೆ ಸೆರಗಿನಂತೆ ಇಳಿಬಿದ್ದ ಕೊಬ್ಬಿನ ಪದರ ತೆಗೆಯುತ್ತಾರೆ, ಬೇಕಾದರೆ ಗುಲ್ಮ, ದೊಡ್ಡ ಕರುಳಿನ ಬಲಭಾಗ. ಹತ್ತು ತಾಸು ಹಿಡಿದರೂ ಆಶ್ಚರ್ಯವಿಲ್ಲ. ಆಮೇಲೆ ಅದೇ ಟೇಬಲ್ಲಿನ ಮೇಲೆ, ಸಾಮಾನ್ಯವಾಗಿ ಮೈಟೋಮೈಸಿನ್ ಎಂಬ ಔಷಧ ಬೆರೆಸಿದ ದ್ರವವನ್ನು 41ರಿಂದ 43 ಡಿಗ್ರಿಗೆ ಕಾಯಿಸಿ, ಪಂಪಿನಿಂದ 60ರಿಂದ 90 ನಿಮಿಷ ಹೊಟ್ಟೆಯೊಳಗೆ ಸುತ್ತಾಡಿಸುತ್ತಾರೆ. ಬಚ್ಚಲ ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿದ ಹದ, ಅಷ್ಟೇ. ಶಾಖಕ್ಕೆ ಔಷಧದ ಕಸುವು ಏರುತ್ತದೆ. ಹೊಟ್ಟೆಯಿಂದ ರಕ್ತಕ್ಕೆ ಅದು ನಿಧಾನವಾಗಿ ಸೇರುವುದರಿಂದ, ನರಕ್ಕೆ ಕೊಡಲಾಗದಷ್ಟು ಗಾಢವಾಗಿ ಇಲ್ಲಿ ಕೊಡಬಹುದು. ಇದೇ ಹೈಪೆಕ್. ಈ ದಾರಿಯನ್ನು ರೂಢಿಗೆ ತಂದವರಲ್ಲಿ ಅಮೆರಿಕದ ಸರ್ಜನ್ ಪಾಲ್ ಶುಗರ್‌ಬೇಕರ್ ಮುಖ್ಯರು. ಜನ 'ಬಿಸಿ ಕೀಮೋ' ಎಂದು ಬೆರಗಾಗುತ್ತಾರೆ. ನನ್ನ ಲೆಕ್ಕದಲ್ಲಿ ಮುಕ್ಕಾಲು ಕೆಲಸ ಕತ್ತರಿಯದ್ದೇ.

2012ರಲ್ಲಿ ಈ ಚಿಕಿತ್ಸೆ ಪಡೆದ 2,298 ರೋಗಿಗಳ ಲೆಕ್ಕ ಪ್ರಕಟವಾಯಿತು. ಹತ್ತು ವರ್ಷದ ಬದುಕುಳಿಕೆ ಶೇ. 63. ಚಿಕಿತ್ಸೆಯ ಬೆನ್ನಿಗೇ ತೀರಿಕೊಂಡವರು ಶೇ. 2, ದೊಡ್ಡ ತೊಡಕು ಕಂಡವರು ಶೇ. 24. ಸಣ್ಣ ಆಪರೇಷನ್ ಅಲ್ಲ, ಎಲ್ಲರಿಗೂ ಒಗ್ಗುವುದೂ ಅಲ್ಲ.

ನಮ್ಮ ಕಡೆ ಡಿಸ್ಚಾರ್ಜ್ ಚೀಟಿ ಜೋಪಾನವಾಗಿರುತ್ತದೆ. ತೆಗೆದ ಅಪೆಂಡಿಕ್ಸಿನ ಬಯಾಪ್ಸಿ ರಿಪೋರ್ಟ್ ತರಲು ಮಾತ್ರ ಯಾರೂ ಮತ್ತೆ ಹೋಗುವುದಿಲ್ಲ. ನೋವು ಹೋಯಿತಲ್ಲ! ಆ ರಿಪೋರ್ಟಿನಲ್ಲಿ 'ಮ್ಯೂಸಿನಸ್', ಅಂದರೆ ಲೋಳೆ ಸುರಿಸುವ, ಎಂಬ ಪದವಿದ್ದರೆ, ಇನ್ನೊಮ್ಮೆ ಹೊಟ್ಟೆ ಕೊಯ್ಯಿಸುವ ಮೊದಲು ಈ ಚಿಕಿತ್ಸೆ ಬಲ್ಲ ತಂಡಕ್ಕೆ ತೋರಿಸಿ. ದೊಡ್ಡ ಕಾಯಿಲೆಗೆ ಹುಬ್ಬಳ್ಳಿಗೋ ಮಂಗಳೂರಿಗೋ ಓಡುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಹೋದಲ್ಲಿ ಸಂಕೋಚ ಬಿಟ್ಟು ಕೇಳಿ, "ಇಂಥದ್ದು ವರ್ಷಕ್ಕೆ ಎಷ್ಟು ಮಾಡ್ತೀರಿ ಡಾಕ್ಟ್ರೇ?"

ಹಳೇ ರಿಪೋರ್ಟ್ ತಂದವರು ಚಹಾದ ಹೊತ್ತಿಗೆ ಸಿಗಿ, ಕೂತು ನೋಡೋಣ.