ಕೆಸರಲ್ಲಿ ಹೂತ ಕಬ್ಬಿನ ಗಾಡಿ

ಕೇಳುಗರಿಗೆಲ್ಲ ನಮಸ್ಕಾರ. ಮಂಡ್ಯದಲ್ಲಿ ಪಿಯು ಹುಡುಗರಿಗೆ ಫಿಸಿಕ್ಸ್ ಹೇಳ್ಕೊಡ್ತಿದ್ದೆ, ಈಗ ರಿಟೈರ್ಡು, ಆದ್ರೂ ಪಾಠ ಮಾಡೋ ಚಟ ಬಿಟ್ಟಿಲ್ಲ, ರೇಡಿಯೋದವರು ಕರೆದ ತಕ್ಷಣ ಬಂದ್ಬಿಟ್ಟೆ.

ಮೊದ್ಲು ಒಂದು ತಕರಾರು, ಅದೂ ನಮ್ ಕನ್ನಡದ ಮೇಲೇನೇ. ಜ್ವರ ಬಿಟ್ಟು ಎದ್ದೋರನ್ನ ಕೇಳಿ, "ಮೈಯಲ್ಲಿ ಶಕ್ತೀನೇ ಇಲ್ಲ ಕಣಪ್ಪ" ಅಂತಾರೆ, ಇಲ್ಲ "ಕೈಕಾಲಲ್ಲಿ ಬಲ ಇಲ್ಲ" ಅಂತಾರೆ, ಎರಡಕ್ಕೂ ಅರ್ಥ ಒಂದೇ. ಹುಟ್ಟಿದಾಗಿಂದ ಇದನ್ನೇ ಕೇಳಿ ಬೆಳೆದ ಹುಡುಗ ಕ್ಲಾಸಲ್ಲಿ ಬಂದು ಕೂತ್ರೆ, ಬಲ ಅಳೆಯೋಕೆ ನ್ಯೂಟನ್, ಶಕ್ತಿ ಅಳೆಯೋಕೆ ಜೂಲ್ ಅಂತ ಬೋರ್ಡ್ ಮೇಲೆ ಬರೆದು ನಾವು ಮುಂದಕ್ಕೆ ಹೋಗ್ತೀವಿ, ಅವನು ಉರು ಹೊಡೀತಾನೆ, ಮಾರ್ಕ್ಸೂ ಬರುತ್ತೆ, ಆದ್ರೆ ತಲೆಯೊಳಗೆ ಎಲ್ಲಾ ಕಲಸುಮೇಲೋಗರ.

ನಂಗೇ ಇದು ಸರಿಯಾಗಿ ಕೂತಿದ್ದು ವಿ.ಸಿ. ನಾಲೆ ಏರಿ ಪಕ್ಕ. ಮಳೆ ಬಿದ್ದಿತ್ತು, ಕಬ್ಬು ತುಂಬಿದ ಎತ್ತಿನ ಗಾಡೀದು ಒಂದು ಚಕ್ರ ಅಚ್ಚಿನ ತನಕ ಹೂತ್ಕೊಂಡಿತ್ತು. ಐದು ಜನ ಹಿಂದಿನಿಂದ ತಳ್ಳಿದ್ವಿ, ಎತ್ತುಗಳೂ ಪಾಪ ಕತ್ತು ಬಗ್ಗಿಸಿ ಎಳೆದ್ವು, ಗಾಡಿ ಒಂದಂಗುಲ ಕದಲ್ಲಿಲ್ಲ. ನಾನು ಮೇಷ್ಟ್ರ ಚಾಳಿ ಬಿಡದೆ "ಫಿಸಿಕ್ಸ್ ಪ್ರಕಾರ ಇಷ್ಟೊತ್ತು ನಾವು ಗಾಡಿ ಮೇಲೆ ಮಾಡಿದ ಕೆಲಸ ಸೊನ್ನೆ" ಅಂದೆ. ಗಾಡಿ ಯಜಮಾನ್ರು ಟವಲ್ಲಲ್ಲಿ ಮುಖ ಒರೆಸ್ಕೊಳ್ತಾ, "ಹಂಗಾರೆ ಈ ಬೆವರು ಯಾರ್ದು ಸಾ?" ಅಂದ್ರು.

ನ್ಯಾಯವಾದ ಪ್ರಶ್ನೆ. ಬಲ ಎಷ್ಟು ಹಾಕಿದ್ವಿ, ಆ ಬಲದ ದಿಕ್ಕಲ್ಲಿ ವಸ್ತು ಎಷ್ಟು ದೂರ ಸರೀತು, ಎರಡನ್ನೂ ಗುಣಿಸಿದ್ರೆ ಬರೋದಕ್ಕೆ ಕೆಲಸ ಅಂತ ಹೆಸರಿಟ್ಟಿದ್ದು 1829ರಲ್ಲಿ, ಫ್ರಾನ್ಸಿನ ಕೊರಿಯೊಲಿಸ್. ಗಾಡಿ ಸರೀಲಿಲ್ಲ, ಹಾಗಾಗಿ ಗಾಡಿಗೆ ಒಂದು ಜೂಲೂ ಸಂದಾಯ ಆಗ್ಲಿಲ್ಲ. ಆದ್ರೆ ನಮ್ಮ ತೋಳಿನ ಸ್ನಾಯು ಒಳಗೊಳಗೇ ಬಿಗಿಯೋದು ಸಡಿಲಾಗೋದು ನಡೀತಾನೇ ಇರುತ್ತಲ್ಲ, ಬೆಳಗ್ಗೆ ತಿಂದ ಮುದ್ದೆ ಅಲ್ಲಿ ಖರ್ಚಾಗಿ ಶಾಖ ಆಯ್ತು. ಬೆವರು ನಮ್ಮ ಖಾತೇದು, ಗಾಡಿ ಖಾತೇದಲ್ಲ.

ಆಮೇಲೆ ಚಕ್ರದ ಕೆಳಗೆ ಕಲ್ಲು, ಕಬ್ಬಿನ ಸೋಗೆ ಎಲ್ಲಾ ಕೊಟ್ಟು ತಳ್ಳಿದ್ವಿ, ಜಗ್ ಅಂತ ಎದ್ದು ಬಂತು. ವಿಷಯ ಇರೋದೇ ಇಲ್ಲಿ. ತಳ್ಳಿದ್ದು ಒಂದೇ ತಳ್ಳು, ಆದ್ರೆ ಅದಕ್ಕೆ ಎರಡು ಥರ ಲೆಕ್ಕ ಕೇಳ್ಬಹುದು. ಎಷ್ಟು ಹೊತ್ತು ತಳ್ಳಿದ್ರಿ? ಬಲ ಗುಣಿಸು ಕಾಲ, ಅಷ್ಟು ಸಂವೇಗ, ಅಂದ್ರೆ ವಸ್ತುವಿನ ರಾಶಿ ಗುಣಿಸು ವೇಗ, ಬರುತ್ತೆ, ಅದು ವೇಗದ ಜೊತೆ ನೇರವಾಗಿ ಏರುತ್ತೆ. ಎಷ್ಟು ದೂರ ತಳ್ಳಿದ್ರಿ? ಬಲ ಗುಣಿಸು ದೂರ, ಅಷ್ಟು ಚಲನಶಕ್ತಿ, ಅದು ವೇಗದ ವರ್ಗದಂತೆ, ಅಂದ್ರೆ ವೇಗವನ್ನ ವೇಗದಿಂದಲೇ ಗುಣಿಸಿದ ಹಾಗೆ, ಏರುತ್ತೆ. ಕೆಸರು, ಘರ್ಷಣೆ ತಿಂದಿದ್ದೆಲ್ಲ ಕಳೆದು ಉಳಿದ ಬಲದ ಮಾತಿದು, ಮರೀಬೇಡಿ. ಗಾಡಿ ಟಾರ್ ರೋಡಿಗೆ ಬಂದು ಒಂದೇ ಸಮ ಹೋಗ್ತಿದ್ರೆ ಎತ್ತಿನ ಎಳೆತ ಘರ್ಷಣೆಗೆ ಸರಿಸಮ, ಉಳಿಯೋ ಬಲ ಸೊನ್ನೆ, ಆದ್ರೂ ಗಾಡಿ ಹೋಗ್ತಾನೇ ಇರುತ್ತೆ. ಹೋಗೋಕೆ ಬಲ ಬೇಡ, ವೇಗ ಬದಲಾಗೋಕೆ ಬೇಕು. ಇದನ್ನ ಒಪ್ಪಿಸೋದ್ರಲ್ಲೇ ನನ್ನ ಅರ್ಧ ಸರ್ವೀಸ್ ಮುಗೀತು ಅನ್ನಿ.

ಹೊತ್ತು, ದೂರ ಎರಡೂ ಬೇರೆ ಅಂತ ಗೊತ್ತಾಗೋದು ಬ್ರೇಕ್ ಹಾಕಿದಾಗ. ಸ್ಕೂಟರ್ 30 ಕಿಲೋಮೀಟರ್ ಸ್ಪೀಡಲ್ಲಿದೆ, ಬ್ರೇಕು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 5 ಮೀಟರ್‌ನಷ್ಟು ವೇಗ ಇಳಿಸುತ್ತೆ ಅಂತಿಟ್ಕೊಳ್ಳಿ, ನಿಲ್ಲೋಕೆ ಸುಮಾರು 1.7 ಸೆಕೆಂಡು, 7 ಮೀಟರ್. ಈಗ 60ರಲ್ಲಿ ಅದೇ ಬ್ರೇಕು. ಹೊತ್ತು ಎರಡರಷ್ಟು, 3.3 ಸೆಕೆಂಡು, ಆದ್ರೆ ದೂರ ನಾಲ್ಕರಷ್ಟು, ಹತ್ರ ಹತ್ರ 28 ಮೀಟರ್! ಅದೂ ಕೈ ಬ್ರೇಕಿಗೆ ಹೋದ ಮೇಲಿನ ಲೆಕ್ಕ, "ಅಯ್ಯೋ" ಅನ್ನೋ ಹೊತ್ತಲ್ಲಿ ಓಡಿದ್ದು ಸೇರಿಲ್ಲ. ಸ್ಪೀಡು ಡಬಲ್ ಆದ್ರೆ ನಿಲ್ಲೋ ಜಾಗಾನೂ ಡಬಲ್ ಅಂದ್ಕೊಂಡೇ ನಮ್ ಹುಡುಗ್ರು ಗಾಡಿ ಓಡಿಸೋದು, ನಾನೂ ಲೂನಾ ಓಡಿಸ್ತಿದ್ದಾಗ ಹಂಗೇ ಅಂದ್ಕೊಂಡಿದ್ದೆ.

ದೊಡ್ಡ ದೊಡ್ಡೋರೂ ಇದರಲ್ಲಿ ಕಿತ್ತಾಡಿದ್ದಾರೆ. ಓಡೋ ವಸ್ತುವಿನ ಜೋರನ್ನ ಅಳೆಯೋದು ವೇಗದಿಂದಲೋ, ವೇಗದ ವರ್ಗದಿಂದಲೋ ಅಂತ ಯುರೋಪಲ್ಲಿ ಎಷ್ಟೋ ವರ್ಷ ಜಗಳ, ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ವರ್ಗ ಅಂದ, ಫ್ರಾನ್ಸಿನ ತತ್ವಜ್ಞಾನಿ ಡೇಕಾರ್ಟ್ ಕಡೆಯವರು ಅಲ್ಲ, ಬರೀ ವೇಗ ಅಂದ್ರು. 1720ರ ದಶಕದಲ್ಲಿ ಹಾಲೆಂಡಿನ ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನ ಮೆತ್ತನೆ ಜೇಡಿಮಣ್ಣಿನ ಮೇಲೆ ಬೀಳಿಸಿ ಗುಳಿ ಅಳೆದ, ವೇಗ ಎರಡರಷ್ಟಾದ್ರೆ ಗುಳಿ ನಾಲ್ಕರಷ್ಟು ಬಂತು. ಫ್ರಾನ್ಸಿನ ಎಮಿಲಿ ದು ಶಾಟ್ಲೆ 1740ರ ತಮ್ಮ ಪುಸ್ತಕದಲ್ಲಿ ವರ್ಗದ ಪರವಾಗೇ ವಾದ ಮಾಡಿದ್ರು. ಕೊನೆಗೆ ನೋಡಿದ್ರೆ ಇಬ್ಬರ ಅಳತೇನೂ ಬೇಕಾಗಿದ್ದೇ, ಒಬ್ಬರದು ಹೊತ್ತಿನ ಲೆಕ್ಕ, ಇನ್ನೊಬ್ಬರದು ದೂರದ್ದು.

ಜೇಡಿಮಣ್ಣು ಹುಡುಕೋದ್ಯಾಕೆ, ನಮ್ಮಲ್ಲಿ ಕೆಸರು ಗದ್ದೆಗೇನು ಬರವಾ? ದುಂಡನೆ ಕಲ್ಲೊಂದನ್ನ ಒಂದಡಿ ಎತ್ತರದಿಂದ ಬಿಡಿ, ಆಮೇಲೆ ನಾಲ್ಕಡಿಯಿಂದ. ಎತ್ತರ ನಾಲ್ಕರಷ್ಟಾದ್ರೂ ಕೆಸರು ಮುಟ್ಟೋವಾಗ ವೇಗ ಎರಡರಷ್ಟೇ ಇರುತ್ತೆ. ಎಷ್ಟೆಷ್ಟು ಹೂತ್ಕೊಳ್ತು ಅಂತ ಕಡ್ಡಿ ಹಾಕಿ ಅಳೀರಿ. ನಾಟಿಗೆ ಮುಂಚೆ ಹೋಗಿ ಮಾತ್ರ, ಪೈರು ತುಳಿದು ಗದ್ದೆಯವರ ಕೈಲಿ ಬೈಸ್ಕೊಂಡ್ರೆ ನನ್ನ ಹೆಸರು ಹೇಳ್ಬೇಡಿ.