ಮೊದಲು ಅಚ್ಚು, ಆಮೇಲೆ ಫೈಬರ್

ಕೇಳುಗರೆಲ್ಲರಿಗೂ ನಮಸ್ಕಾರ.

ಪುಣೆ ಹತ್ತಿರದ ಭೋಸರಿಯಲ್ಲಿರುವ ನನ್ನ ಶೆಡ್‌ಗೆ ಭಾನುವಾರ ಬೆಳಿಗ್ಗೆ ಬರುವ ಹುಡುಗರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈ ಮಾತು ಆಡುತ್ತಿದ್ದೇನೆ. ಹೆಚ್ಚಿನವರು ವಿಜಯಪುರ, ಕಲಬುರಗಿ, ಬೀದರ್ ಕಡೆಯವರು. ಪಿಂಪ್ರಿಯಲ್ಲೋ ಚಾಕಣದಲ್ಲೋ ಕೆಲಸ ಮಾಡುತ್ತಾರೆ. ದುಡ್ಡು ಕೂಡಿಸಿ ಒಂದು ಹಳೇ ಕಾರು ತಗೊಂಡಿರುತ್ತಾರೆ. ಅದರ ಬಂಪರ್ ಒಡೆದಿದೆ, ಮಡ್‌ಗಾರ್ಡ್ ತುಕ್ಕು ಹಿಡಿದಿದೆ, ಅಂಗಡಿಯಲ್ಲಿ ಸಿಗುತ್ತಿಲ್ಲ. ಮನೆಯಲ್ಲೇ ಫೈಬರ್‌ನಲ್ಲಿ ಮಾಡಿಕೊಳ್ಳೋಣ ಅಂತ ಆಸೆ. ಬಂದವರು ಮೊದಲು ಕೇಳುವುದು ಒಂದೇ ಮಾತು: "ಅಣ್ಣಾ, ರೆಸಿನ್ ಯಾವುದು ತರಲಿ?"

ನನ್ನ ಉತ್ತರವೂ ಒಂದೇ. ರೆಸಿನ್ ಆಮೇಲೆ ತಗೋ. ಮೊದಲು ಅಚ್ಚು ಮಾಡು.

ನಿಮಗೂ ಇವತ್ತು ಅದನ್ನೇ ಹೇಳುತ್ತೇನೆ. ನಿಮ್ಮ ಹತ್ತಿರ ಹತ್ತು ದಿನ ಇದ್ದರೆ ಎಂಟು ದಿನ ಅಚ್ಚಿಗೆ ಕೊಡಿ. ಉಳಿದ ಎರಡು ದಿನ ಬಂಪರ್‌ಗೆ ಧಾರಾಳವಾಗಿ ಸಾಕು.

ಫೈಬರ್ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಊರಲ್ಲಿ ಗೋಡೆ ಕಟ್ಟುವ ಮಣ್ಣಿಗೆ ಹುಲ್ಲು ಹಾಕಿ ತುಳಿಯುತ್ತಿದ್ದರು, ನೆನಪಿದೆ ಅಲ್ವಾ? ಬರೀ ಮಣ್ಣಾದರೆ ಒಣಗಿ ಬಿರಿಯುತ್ತದೆ. ಹುಲ್ಲು ಅದನ್ನು ಹಿಡಿದುಕೊಳ್ಳುತ್ತದೆ. ಇಲ್ಲೂ ಹಾಗೇ. ರೆಸಿನ್ ಮಣ್ಣಿದ್ದ ಹಾಗೆ, ಗಾಜಿನ ಎಳೆ ಹುಲ್ಲಿದ್ದ ಹಾಗೆ. ಕೂದಲಿಗಿಂತ ಸಣ್ಣ ಗಾಜಿನ ಎಳೆಗಳನ್ನು ಕತ್ತರಿಸಿ ಚಾಪೆಯ ಹಾಗೆ ಮಾಡಿ ಮಾರುತ್ತಾರೆ. ಅದಕ್ಕೆ ಮ್ಯಾಟ್ ಅಂತ ಹೆಸರು. ರೆಸಿನ್ ನೋಡಲು ಜೇನುತುಪ್ಪದ ಹಾಗೆ ಇರುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದಕ್ಕೆ ಸ್ವಲ್ಪ ಹಾರ್ಡನರ್ ಹಾಕಿದರೆ ಗಟ್ಟಿಯಾಗುತ್ತದೆ.

ಇದು ಅಗ್ಗದ ಬದಲಿ ಸಾಮಾನು ಅಂತ ಯಾರಾದರೂ ಅಂದರೆ ನನಗೆ ಬೇಜಾರಾಗುತ್ತದೆ. 1953ರಲ್ಲಿ ಅಮೆರಿಕದಲ್ಲಿ ಷೆವರ್ಲೆ ಕಾರ್ವೆಟ್ ಬಂತು. ಮೊದಲ ವರ್ಷ 300 ಕಾರು ಮಾಡಿದರು. ಅಷ್ಟಕ್ಕೂ ಮೈಯೆಲ್ಲ ಫೈಬರ್‌ಗ್ಲಾಸ್. ನಮ್ಮ ಬೆಂಗಳೂರಿನಲ್ಲೇ 1980ರ ದಶಕದಲ್ಲಿ ಸಿಪಾನಿ ಡಾಲ್ಫಿನ್ ಅಂತ ಪುಟ್ಟ ಕಾರು ತಯಾರಾಯಿತು. ಅದರ ಮೈ ಕೂಡ ಫೈಬರ್‌ನದೇ. ತುಕ್ಕು ಅನ್ನುವ ಮಾತೇ ಇಲ್ಲ. ಮುಂಬೈ, ಗೋವಾದ ಉಪ್ಪು ಗಾಳಿಯಲ್ಲಿ ಕಾರು ಇಟ್ಟವರಿಗೆ ಇದರ ಬೆಲೆ ಗೊತ್ತು.

ಈಗ ಅಚ್ಚು. ಹಳೇ ಭಾಗದ ಮೇಲೆ ಫೈಬರ್ ಹಾಸಿ, ಗಟ್ಟಿಯಾದ ಮೇಲೆ ಬಿಡಿಸಿಕೊಂಡರೆ ಅದೇ ಅಚ್ಚು. ಆಮೇಲೆ ಅದರ ಒಳಗೆ ಫೈಬರ್ ಹಾಸಿ ಹೊಸ ಭಾಗ ತೆಗೆಯುತ್ತೇವೆ. ನನ್ನ ಶೆಡ್‌ನ ಮರಾಠಿ ಹುಡುಗರು ಇದಕ್ಕೆ ಸಾಚಾ ಅನ್ನುತ್ತಾರೆ. ಇಡ್ಲಿ ತಟ್ಟೆಯನ್ನು ಒಂದು ಸಲ ಸರಿಯಾಗಿ ನೋಡಿ. ಗುಳಿ ಮೇಲಕ್ಕೆ ಬಂದ ಹಾಗೆ ಅಗಲವಾಗುತ್ತದೆ. ಹಾಗಾಗಿ ಇಡ್ಲಿ ಎದ್ದು ಬರುತ್ತದೆ. ಎಣ್ಣೆ ಸವರದೆ ಹಿಟ್ಟು ಹೊಯ್ದರೆ ಅಂಟಿಕೊಳ್ಳುತ್ತದೆ. ತಟ್ಟೆಯಲ್ಲಿ ಗೀರು ಇದ್ದರೆ ಇಡ್ಲಿಯ ಮೇಲೂ ಗೀರು. ಫೈಬರ್ ಅಚ್ಚಿನ ವಿದ್ಯೆ ಪೂರ್ತಿ ಈ ಮೂರರಲ್ಲೇ ಇದೆ. ಬಾಯಿ ಅಗಲ ಇರಬೇಕು, ಅಂಟದ ಹಾಗೆ ಮೇಣ ಹಚ್ಚಿರಬೇಕು, ಮುಖ ನುಣುಪಾಗಿರಬೇಕು. ಗಣಪತಿಗೆ ಹೆಸರಾದ ಪೇಣ್ ಊರಿನಲ್ಲಿ ಮೂರ್ತಿಗೆ ರಬ್ಬರ್ ಅಚ್ಚು ಬಳಸುತ್ತಾರೆ. ರಬ್ಬರ್ ಬಾಗುತ್ತದೆ, ಸೊಂಡಿಲಿನ ಸಂದಿಯಿಂದಲೂ ಬಿಡಿಸಿಕೊಂಡು ಬರುತ್ತದೆ. ನಮ್ಮ ಫೈಬರ್ ಅಚ್ಚು ಬಾಗುವುದಿಲ್ಲ. ಅಂಚು ಎಲ್ಲಾದರೂ ಒಳಕ್ಕೆ ತಿರುಗಿದ್ದರೆ ಅಚ್ಚನ್ನು ಎರಡು ಭಾಗ ಮಾಡಿ, ಬೋಲ್ಟ್ ಹಾಕಿ ಕೂಡಿಸಬೇಕು.

ಇದನ್ನು ನಾನು ಕಲಿತದ್ದು ಒಂದು ಪದ್ಮಿನಿ ಕಾರಿನಿಂದ. 2009ನೇ ಇಸವಿ. ಸ್ವಂತ ಶೆಡ್ ಹಾಕಿದ ಮೊದಲ ವರ್ಷ. ಅದಕ್ಕೆ ಮುಂಚೆ ಬೇರೆಯವರ ಹತ್ತಿರ ಬಸ್ಸಿನ ಪ್ಯಾನೆಲ್ ಮಾಡುತ್ತಿದ್ದೆ. ಅಲ್ಲಿ ಅಚ್ಚು ಸಿದ್ಧವಾಗಿ ಬರುತ್ತಿತ್ತು, ನಾನು ಮ್ಯಾಟ್ ಹಾಸುತ್ತಿದ್ದೆ, ಅಷ್ಟೇ. ಚಿಂಚವಾಡದಲ್ಲಿ ನೆಲೆಸಿದ್ದ ಧಾರವಾಡದ ಹಿರಿಯರೊಬ್ಬರು ಬಂದರು. ಅವರ ಪ್ರೀಮಿಯರ್ ಪದ್ಮಿನಿಯ ಎಡಗಡೆ ಮುಂದಿನ ಮಡ್‌ಗಾರ್ಡ್ ತೂತು ಬಿದ್ದಿತ್ತು. ಮುಂಬೈಯ ಕುರ್ಲಾದ ಕಾರ್ಖಾನೆಯಲ್ಲಿ ಆ ಕಾರು ಮಾಡುವುದು ನಿಂತು ವರ್ಷಗಳಾಗಿದ್ದವು. ದಸರೆಗೆ ಅದೇ ಕಾರಿನಲ್ಲಿ ಊರಿಗೆ ಹೋಗಬೇಕು ಅಂದರು. ಮೂರು ವಾರ ಇತ್ತು. ಆಗುತ್ತದೆ ಅಂದೆ.

ಮಡ್‌ಗಾರ್ಡ್ ಬಿಚ್ಚಿದೆ. ತೂತಿಗೆ ಪುಟ್ಟಿ ತುಂಬಿ ಒಂದೇ ದಿನದಲ್ಲಿ ಉಜ್ಜಿದೆ. ಅದರ ಮೇಲೆಯೇ ಅಚ್ಚು ತೆಗೆಯುವ ಯೋಚನೆ. ಹೊಸದಾಗಿ ಅಚ್ಚು ತೆಗೆಯುವಾಗ ಮೇಣದ ಪಾಲಿಶ್ ಆರರಿಂದ ಎಂಟು ಸಲ ಹಚ್ಚಬೇಕು. ಪ್ರತಿ ಸಲ ಒಣಗಲು ಬಿಟ್ಟು, ಬಟ್ಟೆಯಿಂದ ತಿಕ್ಕಿ ಹೊಳಪು ತರಬೇಕು. ನಾನು ಎರಡೇ ಸಲ ಹಚ್ಚಿದೆ. ಮೇಣದ ಮೇಲೆ ಪಿವಿಎ ಅಂತ ನೀರಿನಲ್ಲಿ ಕರಗುವ ತೆಳು ಪದರ ಕೊಡುತ್ತಾರೆ. ಅದನ್ನು ಹಾಕಲೇ ಇಲ್ಲ. ಚಕ್ರದ ಹತ್ತಿರ ಅಂಚು ಒಳಕ್ಕೆ ಮಡಚಿದೆ ಅನ್ನುವುದನ್ನೂ ಗಮನಿಸಲಿಲ್ಲ. ಫೈಬರ್ ಹಾಸುವ ಆತುರ. ಒಂದೇ ರಾತ್ರಿ ಕೂತು ಆರು ಪದರ ಹಾಸಿದೆ.

ಬೆಳಿಗ್ಗೆ ಬಿಡಿಸಲು ಹೋದರೆ ಅಲುಗಲಿಲ್ಲ. ಬೆಣೆ ಹಾಕಿದೆ. ನೀರು ಬಿಟ್ಟೆ. ರಬ್ಬರ್ ಸುತ್ತಿಗೆಯಿಂದ ಸುತ್ತಲೂ ತಟ್ಟಿದೆ. ಸಂಜೆ ಹೊತ್ತಿಗೆ ಅಚ್ಚು ಸೀಳಿತು. ಪುಟ್ಟಿಯೆಲ್ಲ ಅಚ್ಚಿಗೆ ಕಿತ್ತುಕೊಂಡು ಬಂತು. ತುಕ್ಕು ತಿಂದ ಆ ತಗಡು ಎರಡಾಗಿ ಮುರಿಯಿತು. ಅವರ ಅಸಲು ಮಡ್‌ಗಾರ್ಡೇ ಹೋಯಿತು.

ಮರುದಿನ ಅವರು ಬಂದರು. ಮುರಿದ ತಗಡಿನ ಮೇಲೆ ಕೈ ಆಡಿಸಿದರು. ಬೈಯಲಿಲ್ಲ. "ಮುಂದಿನ ವಾರ ಬರ್ತೀನಪ್ಪ" ಅಂತ ಹೇಳಿ ಬಸ್ ಹಿಡಿದು ಹೋದರು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಕುರ್ಲಾಕ್ಕೆ ಹೋದೆ. ಎರಡು ದಿನ ಗುಜರಿ ಅಂಗಡಿ ಸುತ್ತಿದ ಮೇಲೆ ಇನ್ನೊಂದು ಎಡಗಡೆಯ ಮಡ್‌ಗಾರ್ಡ್ ಸಿಕ್ಕಿತು. ಈ ಸಲ ಹನ್ನೆರಡು ದಿನ ಕೂತೆ. ಪುಟ್ಟಿ, ಪ್ರೈಮರ್, ಆಮೇಲೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಕಾಗದ. ನಂಬರ್ 220, 400, 800, 1200, ಒಂದಕ್ಕಿಂತ ಒಂದು ನಯ. ಕತ್ತಲಲ್ಲಿ ಟ್ಯೂಬ್‌ಲೈಟ್ ಹಚ್ಚಿ ಅದರ ಬಿಂಬ ಮಡ್‌ಗಾರ್ಡ್ ಮೇಲೆ ಹೇಗೆ ಬೀಳುತ್ತದೆ ಅಂತ ನೋಡಿದೆ. ಬಿಂಬ ಎಲ್ಲಿ ನಡುಗಿದ ಹಾಗೆ ಕಂಡಿತೋ ಅಲ್ಲಿ ತಗ್ಗು ಇದೆ ಅಂತ ಅರ್ಥ. ಮತ್ತೆ ಪುಟ್ಟಿ, ಮತ್ತೆ ಉಜ್ಜು. ಬರೀ ಕೈಯಿಂದ ಮುಟ್ಟಿದರೆ ತಿಳಿಯದ ತಗ್ಗು ಟ್ಯೂಬ್‌ಲೈಟ್‌ಗೆ ತಿಳಿಯುತ್ತದೆ. ಎಂಟು ಸಲ ಮೇಣ. ಅದರ ಮೇಲೆ ಪಿವಿಎ. ಚಕ್ರದ ಅಂಚಿಗೆ ಬೇರೆ ತುಂಡು ಅಚ್ಚು. ಫೈಬರ್ ಹಾಸಿದ ಮೂರನೇ ದಿನ ಬೆಣೆ ಇಟ್ಟು ನೀರು ಬಿಟ್ಟೆ. 'ಟಪ್' ಅಂತ ಒಂದು ಸದ್ದು. ಅಚ್ಚು ಕೈಗೆ ಬಂತು. ಒಳಗೆ ನೋಡಿದರೆ ನನ್ನ ಮುಖ ಕಾಣುತ್ತಿತ್ತು. ಆ ಸದ್ದಿಗಾಗಿ ನಾನು ಇವತ್ತಿಗೂ ಈ ಕೆಲಸ ಮಾಡುತ್ತೇನೆ.

ಹಿರಿಯರು ಊರಿಗೆ ಹೋದದ್ದು ದೀಪಾವಳಿಗೆ. ಆ ಅಚ್ಚಿನಿಂದ ಆಮೇಲೆ ಹನ್ನೊಂದು ಮಡ್‌ಗಾರ್ಡ್ ತೆಗೆದಿದ್ದೇನೆ. ಒಂದಕ್ಕೂ ಎರಡು ದಿನಕ್ಕಿಂತ ಜಾಸ್ತಿ ಹಿಡಿಯಲಿಲ್ಲ. 2023ರಲ್ಲಿ ಮುಂಬೈ ಬೀದಿಗಳಿಂದ ಕಡೆಯ ಪದ್ಮಿನಿ ಟ್ಯಾಕ್ಸಿಯೂ ಹೋಯಿತು. ಅಚ್ಚು ನನ್ನ ಶೆಡ್‌ನಲ್ಲಿ ಇನ್ನೂ ಇದೆ.

ಸಮಯ ಕಡಿಮೆ ಉಳಿದಿದೆ, ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಅಚ್ಚಿನ ಒಳಗೆ ಮೊದಲು ಜೆಲ್‌ಕೋಟ್ ಹಚ್ಚಿ, ಅಂದರೆ ಹೊರಮೈಗೆ ನುಣುಪು ಕೊಡುವ ಮಂದ ರೆಸಿನ್, ಸುಮಾರು ಅರ್ಧ ಮಿಲಿಮೀಟರ್. ಬೆರಳಿಟ್ಟರೆ ಜಿಗುಟಾಗಿರಬೇಕು, ಆದರೆ ಬೆರಳಿಗೆ ಹತ್ತಬಾರದು. ಆಗ ಮ್ಯಾಟ್ ಹಾಕಿ. ಚದರ ಮೀಟರ್‌ಗೆ 450 ಗ್ರಾಂ ತೂಗುವ ಮ್ಯಾಟ್ ಮೂರು ಪದರ ಹಾಕಿದರೆ ಸುಮಾರು ಮೂರು ಮಿಲಿಮೀಟರ್ ದಪ್ಪ ಬರುತ್ತದೆ. ಮಡ್‌ಗಾರ್ಡ್‌ಗೆ ಅಷ್ಟು ಸಾಕು. ಅಚ್ಚು ಅದರ ಎರಡರಷ್ಟಾದರೂ ದಪ್ಪ ಇರಲಿ. ಒಂದು ಕಿಲೋ ಮ್ಯಾಟ್‌ಗೆ ಎರಡರಿಂದ ಎರಡೂವರೆ ಕಿಲೋ ರೆಸಿನ್. ಸುಮ್ನೆ ಸುರಿಯಬೇಡಿ, ರೆಸಿನ್ ಜಾಸ್ತಿಯಾದರೆ ಬಿರಿಯುತ್ತದೆ. ಪ್ರತಿ ಪದರಕ್ಕೂ ರೋಲರ್ ಓಡಿಸಿ ಗಾಳಿ ತೆಗೆಯಿರಿ.

ಹಾರ್ಡನರ್ ಒಂದು ಕಿಲೋ ರೆಸಿನ್‌ಗೆ 10ರಿಂದ 20 ಗ್ರಾಂ. ಬೇಸಿಗೆಯಲ್ಲಿ ಕಡಿಮೆ, ಪುಣೆಯ ಡಿಸೆಂಬರ್ ಚಳಿಯಲ್ಲಿ ಜಾಸ್ತಿ. ತಕ್ಕಡಿಯಲ್ಲಿ ತೂಗಿ ಹಾಕಿ, ಕಣ್ಣಳತೆ ಬೇಡ. ಒಂದೇ ಮಗ್ಗಿನಲ್ಲಿ ತುಂಬಾ ಕಲಸಿಟ್ಟರೆ ಕಾದು ಹೊಗೆ ಬರುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ.

ಅಡುಗೆಮನೆಯಲ್ಲಿ ಕೂತು ಕೇಳುತ್ತಿರುವ ತಾಯಂದಿರೂ ಈ ಒಂದು ಮಾತನ್ನು ನಿಮ್ಮ ಮಕ್ಕಳಿಗೆ ತಿಳಿಸಿ. ಅಂಗಡಿಯವರು ಕೆಲವು ಸಲ ಎರಡು ಬಾಟಲಿ ಕೊಡುತ್ತಾರೆ, ಹಾರ್ಡನರ್ ಮತ್ತು ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ನೇರಳೆ ಬಣ್ಣದ ಕೋಬಾಲ್ಟ್. ಇವೆರಡನ್ನು ನೇರವಾಗಿ ಎಂದೂ ಕೂಡಿಸಬೇಡಿ. ಬೆಂಕಿ ಹತ್ತುತ್ತದೆ, ಸಿಡಿಯುತ್ತದೆ. ಕೋಬಾಲ್ಟ್ ಅನ್ನು ಮೊದಲು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ. ಆಮೇಲೆ ಹಾರ್ಡನರ್. ಕೋಬಾಲ್ಟ್ ಮೊದಲೇ ಸೇರಿಸಿದ ರೆಸಿನ್ ಸಿಗುತ್ತದೆ, ಮನೆಯಲ್ಲಿ ಮಾಡುವವರು ಅದನ್ನೇ ಕೇಳಿ ತಗೊಳ್ಳಿ. ಹಾರ್ಡನರ್‌ನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು. ಕಣ್ಣು ಪೂರ್ತಿ ಮುಚ್ಚುವ ಸೇಫ್ಟಿ ಕನ್ನಡಕ ಹಾಕದೆ ಬಾಟಲಿ ಮುಚ್ಚಳ ತೆಗೆಯಬೇಡಿ. ಬಿದ್ದರೆ ಕಾಲು ಗಂಟೆ ನೀರು ಹಾಕಿ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಕೆಲಸವನ್ನು ಟೆರೇಸ್ ಮೇಲೆ ಮಾಡಿ. ಬಟ್ಟೆಯ ಮಾಸ್ಕ್ ಆ ವಾಸನೆಯನ್ನು ತಡೆಯುವುದಿಲ್ಲ, ವಾಸನೆ ಹೀರುವ ಡಬ್ಬಿ, ಅಂದರೆ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಕತ್ತರಿಸುವಾಗ ತುಂಬು ತೋಳಿನ ಅಂಗಿ ಹಾಕಿ. ಇಲ್ಲದಿದ್ದರೆ ರಾತ್ರಿಯೆಲ್ಲ ಮೈ ತುರಿಸುತ್ತದೆ.

ಮೊದಲ ಸಲಕ್ಕೇ ಬಾನೆಟ್‌ಗೆ ಕೈ ಹಾಕಬೇಡಿ. ಕನ್ನಡಿಯ ಹಿಂದಿನ ಕವರ್ ಒಂದನ್ನು ಬಿಚ್ಚಿಕೊಳ್ಳಿ, ಅಂಗೈ ಅಗಲದ್ದು. ಅದಕ್ಕೂ ಮೇಣ ಎಂಟು ಸಲ. ನೀವು ಮಾಡಿದ ಅಚ್ಚು ತಗೊಂಡು ಬಂದರೆ ಟ್ಯೂಬ್‌ಲೈಟ್ ಕೆಳಗೆ ಹಿಡಿದು ಕೂತು ನೋಡೋಣ. ಭಾನುವಾರ ಬೆಳಿಗ್ಗೆ ಶೆಡ್ ತೆರೆದಿರುತ್ತದೆ. ನಮಸ್ಕಾರ.